ಹಳೆಯ ಟಿವಿ ಸರಣಿಗೆ ಮರುಜೀವ: ನಿರ್ಧಾರ ಎಲ್ಲಿ ಆಗುತ್ತದೆ?

ಪ್ರಶ್ನೆ: ಅಮೆರಿಕದ ಕೆಲವು ಹಳೆಯ ಸರಣಿಗಳು ಹತ್ತಿಪ್ಪತ್ತು ವರ್ಷ ಕಳೆದ ಮೇಲೆ ಮತ್ತೆ ಶುರುವಾಗುತ್ತವೆ. ಅಷ್ಟೇ ಹೆಸರು ಮಾಡಿದ ಇನ್ನು ಕೆಲವಕ್ಕೆ ಆ ಯೋಗವಿಲ್ಲ. ಯಾಕೆ? ಅಭಿಮಾನಿಗಳ ಸಹಿಸಂಗ್ರಹದಿಂದ ಏನಾದರೂ ಆಗುತ್ತದೆಯೇ?

ಉತ್ತರ: ಮೊದಲು ತೆರೆಯುವುದು ಹಕ್ಕಿನ ಕಡತ. ತಯಾರಿಸಿದ ಸ್ಟುಡಿಯೊ ಒಂದು, ಪ್ರಸಾರ ಮಾಡಿದ ಚಾನೆಲ್ ಮತ್ತೊಂದು ಆಗಿರುವುದು ಸಾಮಾನ್ಯ. ಜೊತೆಗೆ ಮೂಲ ಸೃಷ್ಟಿಕರ್ತರಿಗೂ ಪಾಲಿರಬಹುದು. ನಟಿ ರೋಸಾನ್ ಬಾರ್ ಅವರ ಜನಾಂಗೀಯ ನಿಂದನೆಯ ಟ್ವೀಟ್‌ನಿಂದಾಗಿ 2018ರ ಮೇ ತಿಂಗಳಲ್ಲಿ ಎಬಿಸಿ ಚಾನೆಲ್ ಮತ್ತೆ ಶುರುವಾಗಿದ್ದ 'ರೋಸಾನ್' ಸರಣಿಯನ್ನು ರದ್ದು ಮಾಡಿತು. ಉಳಿದ ಪಾತ್ರಗಳನ್ನಿಟ್ಟುಕೊಂಡು 'ದಿ ಕಾನರ್ಸ್' ಮಾಡಲು ಆಕೆ ತಮ್ಮ ಹಣಕಾಸಿನ ಪಾಲು ಬಿಟ್ಟುಕೊಡುವ ಒಪ್ಪಂದ ಆಗಬೇಕಾಯಿತು. ಆಮೇಲೆಯೇ ಕೆಲಸ ಮುಂದುವರಿದದ್ದು.

ಹಕ್ಕು ಸಿಕ್ಕರೂ ಕಲಾವಿದರ ಡೇಟ್ಸ್ ಸಿಗಬೇಕಲ್ಲ. ನನ್ನ ಪ್ರಕಾರ ಹೆಚ್ಚಿನ ಯೋಜನೆಗಳು ಮುಗ್ಗರಿಸುವುದು ಇಲ್ಲೇ. ಹಳೆಯ ಕರಾರಿನ ಅವಧಿ ಮುಗಿದಿರುತ್ತದೆ, ಪ್ರತಿಯೊಬ್ಬರ ಜೊತೆ ಹೊಸದಾಗಿ ಮಾತುಕತೆ ಆಗಬೇಕು. ತಾವಿಲ್ಲದೆ ಸರಣಿ ನಡೆಯದು ಎಂಬುದು ಅವರಿಗೂ ಗೊತ್ತು, ಸಂಭಾವನೆ ಏರುತ್ತದೆ. ಫಾಕ್ಸ್ ಚಾನೆಲ್‌ನಲ್ಲಿ 2006ಕ್ಕೆ ನಿಂತಿದ್ದ ಹಾಸ್ಯ ಸರಣಿ 'ಅರೆಸ್ಟೆಡ್ ಡೆವಲಪ್‌ಮೆಂಟ್' 2013ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದಾಗ ಎಲ್ಲರನ್ನೂ ಒಟ್ಟಿಗೆ ಸೆಟ್‌ಗೆ ತರಲು ಆಗಲಿಲ್ಲ. ಹಾಗಾಗಿ ಒಂದೊಂದು ಕಂತನ್ನು ಒಬ್ಬೊಬ್ಬರ ಸುತ್ತ ಹೆಣೆದರು. ಕುಟುಂಬದವರು ಒಂದೇ ಕೋಣೆಯಲ್ಲಿ ಕಚ್ಚಾಡುವುದೇ ಆ ಹಾಸ್ಯದ ಜೀವಾಳ, ಅದೇ ತೆಳುವಾಯಿತು. 2018ರಲ್ಲಿ ಆ 15 ಕಂತುಗಳನ್ನು ಮತ್ತೆ ಸಂಕಲಿಸಿ, ಘಟನೆಗಳ ಕಾಲಕ್ರಮದಂತೆ 22 ಕಂತುಗಳಾಗಿ ಬಿಟ್ಟರು. ಇಂಥ ತೊಡಕಿನಿಂದಲೇ ಪುಟ್ಟ ಸೀಸನ್‌ಗಳು ಹೆಚ್ಚು: 2016ರ 'ಎಕ್ಸ್ ಫೈಲ್ಸ್' ಆರೇ ಕಂತು, 'ಗಿಲ್ಮೋರ್ ಗರ್ಲ್ಸ್' ನಾಲ್ಕೇ.

ಹಳೆಯ ಕಂತುಗಳನ್ನು ಈಗ ಯಾರು ನೋಡುತ್ತಿದ್ದಾರೆ, ಕೊನೆತನಕ ನೋಡುತ್ತಾರೆಯೇ ಎಂಬ ಲೆಕ್ಕಕ್ಕೂ ತೂಕವಿದೆ. ಆದರೆ ಅದನ್ನೊಂದೇ ನಂಬಿದರೆ ಏಟು ಬೀಳಬಹುದು. 2023ರಲ್ಲಿ ಹಳೆಯ ಸರಣಿ 'ಸೂಟ್ಸ್' ನೆಟ್‌ಫ್ಲಿಕ್ಸ್‌ನಲ್ಲಿ ಭಾರಿ ಓಡಿತು. ಆದರೆ ಅದೇ ಹೆಸರಿನಲ್ಲಿ ಹೊಸ ಮುಖಗಳನ್ನಿಟ್ಟು ಮಾಡಿದ 'ಸೂಟ್ಸ್ ಎಲ್ಎ' 2025ರಲ್ಲಿ ಒಂದೇ ಸೀಸನ್‌ಗೆ ಮುಗಿಯಿತು. ಕಥೆ ವೇದಿಕೆಗೂ ಹೊಂದಬೇಕು. ಹಳೆಯ ಮಕ್ಕಳ ಸರಣಿಯ ನಾಯಕಿ ಲಿಜ್ಜಿ ಮ್ಯಾಗ್ವಾಯರ್‌ಳ ಮೂವತ್ತರ ಹರೆಯದ ಬದುಕು ಡಿಸ್ನಿ ಪ್ಲಸ್‌ನ ಕೌಟುಂಬಿಕ ಚೌಕಟ್ಟಿಗೆ ಒಗ್ಗಲಿಲ್ಲ. ಚಿತ್ರೀಕರಣ ಶುರುವಾಗಿದ್ದರೂ 2020ರಲ್ಲಿ ಕೈಬಿಟ್ಟರು.

ಸಹಿಗೆ ಖರ್ಚಿಲ್ಲ, ಹಾಗಾಗಿ ತೂಕವೂ ಕಮ್ಮಿ. 'ವೆರೋನಿಕಾ ಮಾರ್ಸ್' ಸರಣಿಯ ಅಭಿಮಾನಿಗಳು 2013ರಲ್ಲಿ ಜನರಿಂದ ಹಣ ಸಂಗ್ರಹಿಸುವ ಜಾಲತಾಣ ಕಿಕ್‌ಸ್ಟಾರ್ಟರ್ ಮೂಲಕ ಚಲನಚಿತ್ರಕ್ಕಾಗಿ ಸುಮಾರು 57 ಲಕ್ಷ ಡಾಲರ್ ಕೊಟ್ಟರು. 2019ರಲ್ಲಿ ಸ್ಟ್ರೀಮಿಂಗ್ ವೇದಿಕೆ ಹುಲು ಎಂಟು ಕಂತುಗಳ ಹೊಸ ಸೀಸನ್ ತಂದಿತು. ಆ ದೇಣಿಗೆ ಸಂಗ್ರಹಕ್ಕೂ ಮೊದಲು ಹಕ್ಕುದಾರ ವಾರ್ನರ್ ಬ್ರದರ್ಸ್ ಒಪ್ಪಬೇಕಾಗಿತ್ತು.