ಬೇರೆ ರಾಜ್ಯದಿಂದ ತರಿಸಿದ ವೀಣೆಗೆ ಅಂಗಡಿಯವರು ತೆರಿಗೆ ಹಾಕಿಲ್ಲ. ರಿಟರ್ನಿನಲ್ಲಿ ಸೊನ್ನೆ ಬರೆಯಬಹುದೇ?

ಟೆಕ್ಸಾಸಿನ ಸಣ್ಣ ಅಂಗಡಿ, 1,800 ಡಾಲರಿನ ವೀಣೆ, ಬಿಲ್ಲಿನಲ್ಲಿ ತೆರಿಗೆಯ ಸಾಲು ಖಾಲಿ, ‘ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಯಾರೂ ಕಟ್ಟುವುದಿಲ್ಲ’ ಎನ್ನುವ ಸ್ನೇಹಿತರು. ವೀಣೆ ಇರುವಲ್ಲಿ ಕಂಪ್ಯೂಟರ್ ಸರ್ವರ್ ಎಂದು ಓದಿಕೊಂಡರೆ ನಿಮ್ಮ ಪ್ರಶ್ನೆಯನ್ನು ನಾನೇ ಬರೆದಂತಿದೆ.

ನಾನು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಬೆರಳೆಣಿಕೆಯ ನೌಕರರಿದ್ದ ಒಂದು ಸಾಫ್ಟ್‌ವೇರ್ ಸಲಹಾ ಸಂಸ್ಥೆಯನ್ನು ನಡೆಸುತ್ತಿದ್ದೆ. ನಮಗೆ ಬೇಕಾದ ಸರ್ವರ್, ಲ್ಯಾಪ್‌ಟಾಪ್, ಮಾನಿಟರುಗಳನ್ನೆಲ್ಲ ಬೇರೆ ರಾಜ್ಯಗಳ ಮಾರಾಟಗಾರರಿಂದ ಆನ್‌ಲೈನಿನಲ್ಲಿ ತರಿಸುತ್ತಿದ್ದೆ, ಏಕೆಂದರೆ ಅವರು ತೆರಿಗೆ ಹಾಕುತ್ತಿರಲಿಲ್ಲ. ಹಾಕಬೇಕಾದ ಅಗತ್ಯವೂ ಆಗ ಅವರಿಗಿರಲಿಲ್ಲ. ಅಂಚೆ ಕ್ಯಾಟಲಾಗುಗಳ ಕಾಲದಲ್ಲಿ, 1967ರಲ್ಲಿ, ಸುಪ್ರೀಂ ಕೋರ್ಟು ಕೊಟ್ಟ ತೀರ್ಪನ್ನು 1992ರ ಕ್ವಿಲ್ ಪ್ರಕರಣ ಮತ್ತೆ ಎತ್ತಿಹಿಡಿದಿತ್ತು: ತನ್ನ ಗಡಿಯೊಳಗೆ ಅಂಗಡಿ, ಗೋದಾಮು, ನೌಕರರು ಯಾವುದೂ ಇಲ್ಲದ ಮಾರಾಟಗಾರನಿಂದ ಒಂದು ರಾಜ್ಯವು ತೆರಿಗೆ ವಸೂಲಿ ಮಾಡಿಸುವಂತಿರಲಿಲ್ಲ. ಈ ರಕ್ಷಣೆ ಇದ್ದದ್ದು ಮಾರಾಟಗಾರನಿಗೆ ಮಾತ್ರ. ಕೊಂಡವನು ಕಟ್ಟಬೇಕಾದ ಯೂಸ್ ಟ್ಯಾಕ್ಸ್, ಅಂದರೆ ಬಳಕೆ ತೆರಿಗೆ, ಕ್ಯಾಲಿಫೋರ್ನಿಯಾದಲ್ಲಿ 1935ರಿಂದಲೂ ಇದೆ. ಅಂಗಡಿಯವರು ವಸೂಲಿ ಮಾಡದ ತೆರಿಗೆಯನ್ನು ಕೊಂಡವರೇ ಕಟ್ಟಬೇಕು, ಅದೂ ಮಾರಾಟ ತೆರಿಗೆಯ ದರದಲ್ಲಿಯೇ. ನನಗೆ ಇದು ಗೊತ್ತಿರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಕೇಳಿದ್ದೆ, ಆದರೆ ಅದನ್ನು ಯಾರೂ ಪಾಲಿಸದ ಹಳೆಯ ಕಾನೂನೆಂದು ಬದಿಗಿಟ್ಟಿದ್ದೆ.

ಕೆಲವು ವರ್ಷಗಳ ನಂತರ ರಾಜ್ಯದ ತೆರಿಗೆ ಇಲಾಖೆಯಿಂದ ಪತ್ರ ಬಂತು. ವರ್ಷಕ್ಕೆ ಒಂದು ಲಕ್ಷ ಡಾಲರಿಗೆ ಮೇಲ್ಪಟ್ಟ ವಹಿವಾಟಿರುವ, ಮಾರಾಟದ ಪರವಾನಗಿ ಇಲ್ಲದ ಸೇವಾ ಸಂಸ್ಥೆಗಳು ತಾವಾಗಿಯೇ ನೋಂದಾಯಿಸಿಕೊಂಡು ವರ್ಷವರ್ಷವೂ ಬಳಕೆ ತೆರಿಗೆಯ ಲೆಕ್ಕ ಸಲ್ಲಿಸಬೇಕೆಂಬ ನಿಯಮ 2009ರಲ್ಲಿ ಬಂದಿತ್ತು, ನಾನು ಸಲ್ಲಿಸಿರಲಿಲ್ಲ. ಲೆಕ್ಕ ಸಲ್ಲಿಸಿದವರ ವಿಷಯದಲ್ಲಿ ಸಾಮಾನ್ಯವಾಗಿ ಮೂರು ವರ್ಷ ಹಿಂದಕ್ಕೆ ಹೋಗುವ ಇಲಾಖೆ, ಸಲ್ಲಿಸದವರ ವಿಷಯದಲ್ಲಿ ಎಂಟು ವರ್ಷ ಹಿಂದಕ್ಕೆ ಹೋಗಬಹುದು. ವರಮಾನ ತೆರಿಗೆಯಲ್ಲಿ ಆ ಸರ್ವರುಗಳನ್ನೆಲ್ಲ ವ್ಯವಹಾರದ ಖರ್ಚೆಂದು ನಾನೇ ತೋರಿಸಿದ್ದರಿಂದ, ಕೊಂಡಿಲ್ಲ ಎಂದು ಹೇಳುವ ದಾರಿಯೂ ಇರಲಿಲ್ಲ.

ಇಷ್ಟಾದರೂ, ತೆರಿಗೆ ಕಟ್ಟದೆ ಬಿಟ್ಟದ್ದು ನನ್ನನ್ನು ಅಷ್ಟಾಗಿ ಕಾಡಲಿಲ್ಲ, ಅದು ಹೇಗಿದ್ದರೂ ಕೊಡಬೇಕಾಗಿದ್ದ ಹಣ. ಕಾಡಿದ್ದು ಬಿಲ್ಲುಗಳನ್ನು ಎಸೆದದ್ದು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಬೇಸರಿಸಬೇಡಿ. ಕಚೇರಿ ಬದಲಾಯಿಸುವಾಗ ನಾನು ಹಳೆಯ ಕಾಗದಗಳನ್ನೆಲ್ಲ ವಿಲೇವಾರಿ ಮಾಡಿದ್ದೆ. ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟುಗಳು ಇವೆಯಲ್ಲ, ಸಾಕು ಎಂದುಕೊಂಡಿದ್ದೆ. ಆದರೆ ಸ್ಟೇಟ್‌ಮೆಂಟಿನಲ್ಲಿ ಇರುವುದು ಅಂಗಡಿಯ ಹೆಸರು, ದಿನಾಂಕ ಮತ್ತು ಒಟ್ಟು ಮೊತ್ತ ಮಾತ್ರ. ಆ ಮೊತ್ತದಲ್ಲಿ ತೆರಿಗೆ ಸೇರಿದೆಯೋ ಇಲ್ಲವೋ ಎಂಬುದು ಅದರಲ್ಲಿರುವುದಿಲ್ಲ. ಕ್ಯಾಲಿಫೋರ್ನಿಯಾದ ಕಾನೂನಿನಂತೆ, ತೆರಿಗೆ ವಸೂಲಿ ಮಾಡುವ ಅಧಿಕಾರವಿರುವ ಮಾರಾಟಗಾರನು ಕೊಟ್ಟ, ತೆರಿಗೆಯನ್ನು ನಮೂದಿಸಿದ ರಸೀದಿ ನಿಮ್ಮಲ್ಲಿದ್ದರೆ ನಿಮ್ಮ ಹೊಣೆ ತೀರಿತು. ರಸೀದಿ ಇಲ್ಲದಿದ್ದರೆ ಕಟ್ಟಿದ್ದೇನೆಂದು ಸಾಬೀತುಪಡಿಸುವ ಭಾರ ನಿಮ್ಮ ಮೇಲೆಯೇ ಬೀಳುತ್ತದೆ.

ಅಮೆಜಾನ್ 2012ರ ಸೆಪ್ಟೆಂಬರ್ 15ರಿಂದ ಕ್ಯಾಲಿಫೋರ್ನಿಯಾದಲ್ಲಿ ತನ್ನ ಸ್ವಂತ ಮಾರಾಟಕ್ಕೆ ತೆರಿಗೆ ಹಾಕತೊಡಗಿತ್ತು. ಆದರೆ ಅದೇ ತಾಣದಲ್ಲಿ ಮಾರುತ್ತಿದ್ದ ಬೇರೆ ವ್ಯಾಪಾರಿಗಳಲ್ಲಿ ಕೆಲವರು ಹಾಕುತ್ತಿದ್ದರು, ಕೆಲವರು ಹಾಕುತ್ತಿರಲಿಲ್ಲ. ಕಾರ್ಡಿನ ಲೆಕ್ಕದಲ್ಲಿ ಎಲ್ಲವೂ ಒಂದೇ ಹೆಸರಿನಲ್ಲಿ ಇರುತ್ತಿದ್ದವು. ಡೌನ್‌ಲೋಡ್ ಮಾಡಿಕೊಂಡ ಸಾಫ್ಟ್‌ವೇರಿಗೆ ಕ್ಯಾಲಿಫೋರ್ನಿಯಾದಲ್ಲಿ ಮಾರಾಟ ತೆರಿಗೆ ಇಲ್ಲ, ಡಿಸ್ಕಿನಲ್ಲಿ ಡಬ್ಬಿಯೊಳಗೆ ಬಂದರೆ ಇದೆ. ನಾನು ಕೊಂಡದ್ದು ಹೇಗೆ ಬಂತೆಂದು ಹೇಳುವ ಕಾಗದ ನನ್ನ ಹತ್ತಿರ ಇರಲಿಲ್ಲ. ರಿಪೇರಿಯ ಕೂಲಿಗೆ ತೆರಿಗೆ ಇಲ್ಲ, ಹಾಕಿದ ಬಿಡಿಭಾಗಕ್ಕೆ ಇದೆ. ಎರಡನ್ನೂ ಬಿಡಿಸಿ ತೋರಿಸಲು ನನಗೆ ಆಗಲಿಲ್ಲ. ಒಂದು ಅಂಗಡಿ ಮುಚ್ಚಿಹೋಗಿತ್ತು, ಇನ್ನೊಂದರ ತಾಣ ಬದಲಾಗಿ ಹಳೆಯ ಆರ್ಡರುಗಳು ಅಳಿಸಿಹೋಗಿದ್ದವು. ಹೀಗೆ ಒಮ್ಮೆ ಕಟ್ಟಿದ್ದ ತೆರಿಗೆಯನ್ನೇ ಮತ್ತೊಮ್ಮೆ, ಕಟ್ಟಬೇಕಾಗಿಯೇ ಇರದ ತೆರಿಗೆಯನ್ನೂ ಒಮ್ಮೆ, ಅದರ ಮೇಲೆ ಶೇಕಡಾ 10ರ ದಂಡ ಮತ್ತು ಬಡ್ಡಿಯನ್ನು ಸೇರಿಸಿ ಕಟ್ಟಿದೆ. ಲೆಕ್ಕ ಪರಿಶೀಲಿಸಲು ಬಂದ ಅಧಿಕಾರಿಯನ್ನು ದೂರುವುದಕ್ಕೆ ಕಾರಣವಿಲ್ಲ. ಕಾಗದ ತೋರಿಸಿದ ಪ್ರತಿಯೊಂದು ಸಾಲನ್ನೂ ಅವರು ಮರುಮಾತಿಲ್ಲದೆ ತೆಗೆದುಹಾಕಿದರು. ಅಂಥ ಸಾಲುಗಳು ತೀರ ಕಡಿಮೆಯಿದ್ದವು, ಅಷ್ಟೆ.

ಈಗ ನಿಮ್ಮ ವಿಷಯ. ‘ಸೊನ್ನೆ ಬರೆದರೆ ಸಿಕ್ಕಿಬೀಳುವ ಸಾಧ್ಯತೆ ಎಷ್ಟು’ ಎಂದು ಕೇಳಿದ್ದೀರಿ. ನಾನು ಈ ಪ್ರಶ್ನೆಯನ್ನೇ ಒಪ್ಪುವುದಿಲ್ಲ. ನೀವು ತೆರಿಗೆಯಿಲ್ಲದ ವೀಣೆಯನ್ನು ಕೊಂಡಿಲ್ಲ, ತೆರಿಗೆಯನ್ನು ಇನ್ನೂ ಕಟ್ಟದ ವೀಣೆಯನ್ನು ಕೊಂಡಿದ್ದೀರಿ. 2018ರ ಜೂನ್ 21ರಂದು ವೇಫೇರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 5-4ರ ಬಹುಮತದಿಂದ ಹಳೆಯ ನಿಯಮವನ್ನು ರದ್ದುಪಡಿಸಿದ ಮೇಲೆ ದೊಡ್ಡ ಮಾರಾಟಗಾರರೆಲ್ಲ ತೆರಿಗೆ ಹಾಕುತ್ತಾರೆ. ಆದರೆ ಕ್ಯಾಲಿಫೋರ್ನಿಯಾಕ್ಕೆ ವರ್ಷಕ್ಕೆ ಐದು ಲಕ್ಷ ಡಾಲರಿಗಿಂತ ಹೆಚ್ಚು ಮಾರದ ಹೊರರಾಜ್ಯದವರಿಗೆ ಆ ಕಟ್ಟುಪಾಡಿಲ್ಲ, ನಿಮ್ಮ ಅಂಗಡಿಯವರು ಆ ಗುಂಪಿನವರಿರಬೇಕು. ರಾಜ್ಯದ ವರಮಾನ ತೆರಿಗೆ ರಿಟರ್ನಾದ ಫಾರ್ಮ್ 540ರಲ್ಲಿ ಬಳಕೆ ತೆರಿಗೆಗೆಂದಿರುವ 91ನೇ ಸಾಲಿನಲ್ಲಿ ಸೊನ್ನೆ ಬರೆಯುವುದೆಂದರೆ ಸುಮ್ಮನಿರುವುದಲ್ಲ. ಏನೂ ಬಾಕಿಯಿಲ್ಲವೆಂದು ಹೇಳಿ, ಸುಳ್ಳು ಹೇಳಿಕೆಗೆ ಶಿಕ್ಷೆಯಿದೆಯೆಂಬ ವಾಕ್ಯದ ಕೆಳಗೆ ಸಹಿ ಹಾಕುವುದು. ಇಷ್ಟೆಲ್ಲ ಎಷ್ಟು ಹಣಕ್ಕಾಗಿ? ರಾಜ್ಯದ ಮೂಲ ದರ ಶೇಕಡಾ 7.25, ಅದರ ಮೇಲೆ ಸ್ಥಳೀಯ ತೆರಿಗೆ. ನಿಮ್ಮ ಊರಿನ ಒಟ್ಟು ದರ ಶೇಕಡಾ 9 ಎಂದಿಟ್ಟುಕೊಂಡರೆ 162 ಡಾಲರ್.

ನಿಮ್ಮ ಸ್ನೇಹಿತರಲ್ಲಿ ಒಬ್ಬರು ಹೇಳಿದರೆಂದು ಬರೆದಿರುವ ಅಂದಾಜು ಪಟ್ಟಿಯೂ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ವರಮಾನಕ್ಕೆ ಅನುಗುಣವಾಗಿ ಇಂತಿಷ್ಟು ಎಂದು ಕಟ್ಟಲು ಅವಕಾಶ ಕೊಡುವ ಆ ಪಟ್ಟಿ 1,000 ಡಾಲರಿಗಿಂತ ಕಡಿಮೆ ಬೆಲೆಯ ಸ್ವಂತ ಬಳಕೆಯ ವಸ್ತುಗಳಿಗೆ ಮಾತ್ರ. ವೀಣೆಯನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಬೇಕು. ಬಿಲ್ಲನ್ನು ಒಮ್ಮೆ ತೆಗೆದು ನೋಡಿ: ಕೊರಿಯರಿನ ಶುಲ್ಕವನ್ನು ಬೇರೆಯಾಗಿ ತೋರಿಸಿದ್ದರೆ ಅದರ ಮೇಲೆ ತೆರಿಗೆ ಬೀಳುವುದಿಲ್ಲ, ‘ಹ್ಯಾಂಡ್ಲಿಂಗ್’ ಎಂದು ಹಾಕಿದ್ದರೆ ಬೀಳುತ್ತದೆ. ನೋಡಿದ ಮೇಲೆ ದಯವಿಟ್ಟು ಅದರ ಪ್ರತಿಯನ್ನು ಉಳಿಸಿಕೊಳ್ಳಿ.

ಒರೆಗಾನಿನಲ್ಲಿ ಮಾರಾಟ ತೆರಿಗೆ ಇಲ್ಲವಾದ್ದರಿಂದ ಮುಂದಿನ ಸಲ ಅಲ್ಲಿರುವ ಅಣ್ಣನ ಮನೆಗೆ ತರಿಸಿ ಕಾರಿನಲ್ಲಿ ತರುವ ಯೋಚನೆಯನ್ನು ಬಿಟ್ಟುಬಿಡಿ. ಬೇರೆ ರಾಜ್ಯಕ್ಕೆ ಕಟ್ಟಿದ ತೆರಿಗೆಯನ್ನು ಕ್ಯಾಲಿಫೋರ್ನಿಯಾ ಕಳೆದುಕೊಡುತ್ತದೆ. ಒರೆಗಾನಿಗೆ ಏನೂ ಕಟ್ಟದಿದ್ದರೆ ಕಳೆಯುವುದಕ್ಕೆ ಏನಿರುತ್ತದೆ? ಟೈಕೋ ಕಂಪನಿಯ ಮುಖ್ಯಸ್ಥರಾಗಿದ್ದ ಡೆನಿಸ್ ಕೊಜ್ಲೋವ್ಸ್ಕಿ ಅವರ ಮೇಲೆ 2002ರಲ್ಲಿ ನ್ಯೂಯಾರ್ಕಿನಲ್ಲಿ ಬಂದ ಮೊದಲ ಆರೋಪವೇ ಇಂಥದ್ದು: ಚಿತ್ರಕಲಾಕೃತಿಗಳ ಮೇಲಿನ ಮಾರಾಟ ತೆರಿಗೆ ತಪ್ಪಿಸಲು ತೆರಿಗೆಯಿಲ್ಲದ ನ್ಯೂ ಹ್ಯಾಂಪ್‌ಶೈರಿಗೆ ಖಾಲಿ ಪೆಟ್ಟಿಗೆಗಳು ಹೋಗಿದ್ದವೆಂದು. ತೆರಿಗೆ ಉಳಿಸಲೇಬೇಕೆಂದಿದ್ದರೆ ಕಾನೂನೇ ಕೊಟ್ಟ ದಾರಿಯೊಂದಿದೆ: ವಿದೇಶದಿಂದ ಬರುವಾಗ ಸ್ವತಃ ಕೈಯಲ್ಲಿ ತಂದ ವಸ್ತುಗಳ ಮೊದಲ 800 ಡಾಲರಿಗೆ, ಮೂವತ್ತು ದಿನಗಳ ಅವಧಿಗೆ ಒಮ್ಮೆ, ಬಳಕೆ ತೆರಿಗೆಯ ವಿನಾಯಿತಿ ಸಿಗುತ್ತದೆ. ಮೈಸೂರಿನಿಂದ ಸೀರೆ ತರುವವರಿಗೆ ಇದು ಅನುಕೂಲ; ಅದೇ ಸೀರೆ ಪಾರ್ಸಲಿನಲ್ಲಿ ಬಂದರೆ ವಿನಾಯಿತಿ ಇಲ್ಲ.

ಹಿಂದಿನ ವರ್ಷಗಳಲ್ಲಿಯೂ ಹೀಗೆ ಕೊಂಡದ್ದಿದೆ ಎಂದು ಬರೆದಿದ್ದೀರಿ. ಅದನ್ನು ಈ ವರ್ಷದ ರಿಟರ್ನಿಗೆ ಸೇರಿಸಬೇಡಿ. ರಾಜ್ಯದ ಮಾರಾಟ ತೆರಿಗೆ ಇಲಾಖೆಯ ತಾಣದಲ್ಲಿ ನೇರವಾಗಿ ಕಟ್ಟಲು ಅವಕಾಶವಿದೆ. ಇಲಾಖೆ ತಾನಾಗಿ ಸಂಪರ್ಕಿಸುವುದಕ್ಕೆ ಮೊದಲು ಮುಂದೆ ಬಂದವರಿಗೆ ಸ್ವಯಂಪ್ರೇರಿತ ಘೋಷಣೆಯ ಯೋಜನೆಯಡಿ ಎಂಟರ ಬದಲು ಮೂರೇ ವರ್ಷದ ಲೆಕ್ಕವನ್ನು ಕೇಳುತ್ತಾರೆ, ದಂಡವನ್ನೂ ಬಿಡಬಹುದು. ನನಗೆ ಪತ್ರ ಮೊದಲೇ ಬಂದಿದ್ದರಿಂದ ಆ ಯೋಜನೆಗೆ ಅರ್ಜಿ ಹಾಕಲು ಬರಲಿಲ್ಲ; ನಿಮಗೆ ಇನ್ನೂ ಬಂದಿಲ್ಲವೆಂದೇ ನಿಮ್ಮ ಪ್ರಶ್ನೆಯಿಂದ ತೋರುತ್ತದೆ.