ಅರ್ಧ ಟಿಕೆಟ್ ಬೇಡ ಅಂದ ಮಗ

ಪ್ರಶ್ನೆ: ನಾವು ಉಡುಪಿ ಕಡೆಯವರು, ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ. ಮಗನಿಗೆ ಈಗಷ್ಟೇ 12 ತುಂಬಿತು. ಲೋಕಲ್ ರೈಲಿನಲ್ಲಿ ಮಾಟುಂಗಾಕ್ಕೆ ಹೋಗಲು ಅವನಿಗೆ ಅರ್ಧ ಟಿಕೆಟ್ ಕೇಳಿದೆ. ‘ನಂಗೆ 12 ಆಯ್ತು’ ಎಂದು ಕೌಂಟರಿನಲ್ಲೇ ಹೇಳಿಬಿಟ್ಟ! ಕಳೆದ ತಿಂಗಳು ಪರೀಕ್ಷೆಯಲ್ಲಿ ಕಾಪಿ ಹೊಡೆದ ಗೆಳೆಯನ ಹೆಸರನ್ನು ಟೀಚರಿಗೆ ಹೇಳಿದ. ಈಗ ಬಿಲ್ಡಿಂಗಿನ ಹುಡುಗರು ಅವನನ್ನು ಕ್ರಿಕೆಟ್ಟಿಗೆ ಸೇರಿಸುತ್ತಿಲ್ಲ. ‘ಇಂಥ ಹರಿಶ್ಚಂದ್ರ ಮುಂಬೈಯಲ್ಲಿ ಬದುಕೋದು ಹೇಗೆ’ ಎನ್ನುತ್ತಾರೆ ಯಜಮಾನರು. ಇವನನ್ನು ತಿದ್ದುವುದು ಹೇಗೆ?

ಉತ್ತರ: ಟಿಕೆಟ್ ವಿಷಯ ಮೊದಲು ಮುಗಿಸೋಣ. ಅರ್ಧ ದರ 12 ತುಂಬುವವರೆಗೆ ಮಾತ್ರ. ಅಲ್ಲಿ ತಿದ್ದಿಕೊಳ್ಳಬೇಕಾದವರು ನೀವು.

ಗೆಳೆಯನ ವಿಷಯ ಅಷ್ಟು ಸುಲಭವಲ್ಲ. ಅಮೆರಿಕದ ಮನೋವಿಜ್ಞಾನಿ ಲಾರೆನ್ಸ್ ಕೋಲ್‌ಬರ್ಗ್ 1958ರ ತಮ್ಮ ಪಿಎಚ್‌ಡಿ ಪ್ರಬಂಧಕ್ಕಾಗಿ ಷಿಕಾಗೋದ 10ರಿಂದ 16 ವಯಸ್ಸಿನ ಹುಡುಗರಿಗೆ ಇಂಥ ಪೇಚಿನ ಕಥೆಗಳನ್ನು ಹೇಳಿದರು. ಹೆಂಡತಿ ಸಾಯುತ್ತಿದ್ದಾಳೆ, ಔಷಧಿಗೆ ದುಡ್ಡು ಸಾಲದು, ಗಂಡ ಕದಿಯಬಹುದಾ? ಹೌದು, ಇಲ್ಲ ಎಂಬ ಉತ್ತರ ಅವರಿಗೆ ಸಾಲಲಿಲ್ಲ. ಯಾಕೆ ಎಂದು ಕೆದಕಿದರು. ಚಿಕ್ಕವರಲ್ಲಿ ‘ಜೈಲಿಗೆ ಹಾಕ್ತಾರೆ’ ಎನ್ನುವಂಥ ಕಾರಣವೇ ಜಾಸ್ತಿ. ಬೆಳೆದಂತೆ ‘ಜನ ಏನಂತಾರೆ’, ಆಮೇಲೆ ‘ಎಲ್ಲರೂ ಹೀಗೆ ಮಾಡಿದರೆ ಕಾನೂನಿನ ಗತಿಯೇನು’ ಎಂಬ ಯೋಚನೆ ಬರುತ್ತದೆ. ಕಾನೂನೇ ಸರಿಯಿದೆಯಾ ಎಂದು ಕೇಳುವ ಮೆಟ್ಟಿಲಿಗೆ ದೊಡ್ಡವರಲ್ಲೂ ಬಹಳ ಮಂದಿ ಹತ್ತುವುದಿಲ್ಲ. (ಯಜಮಾನರು ಎಲ್ಲಿದ್ದಾರೆ ಅಂತ ನಾನು ಹೇಳಲ್ಲ.)

ಕೋಲ್‌ಬರ್ಗ್ ಜೊತೆ ಕೆಲಸ ಮಾಡಿದ್ದ ಕ್ಯಾರಲ್ ಗಿಲಿಗನ್ 1982ರಲ್ಲಿ ತಕರಾರು ತೆಗೆದರು. ಯಾರಿಗೆ ನೋವಾಗುತ್ತೆ, ಸಂಬಂಧ ಉಳಿಯುತ್ತಾ ಎಂದು ಯೋಚಿಸುವುದೂ ನೀತಿಯೇ ಅಲ್ವಾ? ನಿಮ್ಮ ಮಗನಿಗೆ ಈಗ ಈ ಪ್ರಶ್ನೆ ಬೇಕು. ಊಟಕ್ಕೆ ಕೂತಾಗ ಸುಮ್ನೆ ಕೇಳಿ: ಟೀಚರಿಗೆ ಹೇಳುವ ಮೊದಲು ಆ ಗೆಳೆಯನ ಹತ್ತಿರ ಮಾತಾಡಬಹುದಿತ್ತಾ? ಅವನು ಯಾಕೆ ಕಾಪಿ ಮಾಡಿದ? ಉತ್ತರವನ್ನು ಮಗನೇ ಹುಡುಕಲಿ, ತಡವಾದರೂ ಪರವಾಗಿಲ್ಲ. ಬಲವಂತವಾಗಿ ಕ್ಷಮೆ ಕೇಳಿಸಬೇಡಿ. ನಿಜ ಹೇಳಿದ್ದೇ ತಪ್ಪು ಅಂದುಕೊಂಡುಬಿಡುತ್ತಾನೆ.

ಕ್ರಿಕೆಟ್ ಜಗಳಕ್ಕೆ ನೀವು ಪಂಚಾಯ್ತಿ ಮಾಡಲು ಇಳಿಯಬೇಡಿ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಮಕ್ಕಳು ಗೋಲಿ ಆಡುವುದನ್ನು ನೋಡಿ 1932ರಲ್ಲಿ ಬರೆದದ್ದು ಇದನ್ನೇ: ನಿಯಮ ಅಂದರೆ ನಾವೇ ಸೇರಿ ಒಪ್ಪಿಕೊಂಡದ್ದು ಎಂದು ಮಕ್ಕಳಿಗೆ ತಿಳಿಯುವುದು ಸಮವಯಸ್ಕರ ಜೊತೆ ಚೌಕಾಸಿ ಮಾಡುವಾಗ. ಆ ಗೆಳೆಯನನ್ನು ಒಂದು ಭಾನುವಾರ ನೀರ್‌ದೋಸೆಗೆ ಕರೆಯಿರಿ, ನೀವು ಅಡುಗೆಮನೆಯಲ್ಲೇ ಇರಿ. ಹರಿಶ್ಚಂದ್ರ ಎಂದು ಹಂಗಿಸುವುದನ್ನು ಯಜಮಾನರು ಇವತ್ತೇ ನಿಲ್ಲಿಸಲಿ. ಕೆಲವು ವಾರ ಕಳೆದರೂ ಹುಡುಗ ಒಂಟಿಯಾಗೇ ಇದ್ದರೆ ಶಾಲೆಯ ಕೌನ್ಸೆಲರನ್ನು ಕಾಣಿ.