ಎರಡು ವಾರದಲ್ಲಿ ಏನು ಕಲಿಸುತ್ತೀರಿ?

ಪ್ರಶ್ನೆ: ನಾನು ಅರಿವಳಿಕೆ ವೈದ್ಯೆ. ಆಫ್ರಿಕಾದ ಯಾವುದಾದರೂ ಆಸ್ಪತ್ರೆಗೆ ಎರಡು ವಾರ ಹೋಗಿ ಸಿಬ್ಬಂದಿಗೆ ತರಬೇತಿ ಕೊಡುವ ಆಸೆ. ಹೇಗೆ ಹೊರಡಲಿ?

ಈ ತಿಂಗಳಲ್ಲಿ ಇದು ಐದನೇ ಪತ್ರ. ಎಲ್ಲರದ್ದೂ ಎರಡೇ ವಾರ. ರಜೆ ಅಷ್ಟೇ ಸಿಗೋದು, ಅಲ್ವಾ?

ನಾನೂ ಹೀಗೇ ಹೋದವನು. ಪೆನ್‌ಡ್ರೈವ್ ತುಂಬ ಸ್ಲೈಡು. ಅಲ್ಲಿನ ಥಿಯೇಟರಿನಲ್ಲಿದ್ದದ್ದು ಒಂದೇ ಪಲ್ಸ್ ಆಕ್ಸಿಮೀಟರು, ಅದರ ಕ್ಲಿಪ್ಪಿಗೂ ಪ್ಲಾಸ್ಟರ್ ಸುತ್ತಿತ್ತು. ಅರಿವಳಿಕೆ ಕೊಡುತ್ತಿದ್ದಾಕೆ ಡಾಕ್ಟರಲ್ಲ, ಕ್ಲಿನಿಕಲ್ ಆಫೀಸರ್, ಅಂದರೆ ಎಂಬಿಬಿಎಸ್ ಇಲ್ಲದೆಯೂ ಚಿಕಿತ್ಸೆ ಕೊಡಲು ತರಬೇತಿ ಪಡೆದವಳು. ಕೆಟಮಿನ್ ಎಂಬ ಅರಿವಳಿಕೆ ಔಷಧ, ಬೆನ್ನಿಗೆ ಚುಚ್ಚುವ ಸ್ಪೈನಲ್ ಎರಡರಲ್ಲೂ ಪಳಗಿದ ಕೈ. ನನ್ನ ಸ್ಲೈಡಿನ ಅರ್ಧ ಔಷಧ ಅವರ ಕಪಾಟಿನಲ್ಲೇ ಇರಲಿಲ್ಲ. "ಆಪರೇಷನ್ ಮಧ್ಯೆ ಕರೆಂಟ್ ಹೋದರೆ ನೀವೇನು ಮಾಡುತ್ತೀರಿ?" ಅಂತ ಆಕೆ ಕೇಳಿದಳು. ಅದಕ್ಕೆ ನನ್ನಲ್ಲಿ ಸ್ಲೈಡ್ ಇರಲಿಲ್ಲ.

ಕೀನ್ಯಾದ ಎಲ್ಡೊರೆಟ್ ನೋಡಿ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೂ ಅಲ್ಲಿನ ಮೋಯ್ ವಿಶ್ವವಿದ್ಯಾಲಯಕ್ಕೂ ನಂಟು ಬೆಳೆದದ್ದು 1989ರಿಂದ. ಇಂಡಿಯಾನಾದ ವೈದ್ಯರು ಅಲ್ಲೇ ಮನೆ ಮಾಡಿಕೊಂಡು ವರ್ಷಗಟ್ಟಲೆ ಇದ್ದರು. ಕೀನ್ಯಾದ ವಿದ್ಯಾರ್ಥಿಗಳೂ ಇಂಡಿಯಾನಾಕ್ಕೆ ಹೋಗಿ ಕಲಿತರು. 2001ರಲ್ಲಿ ಎಚ್‌ಐವಿ ಚಿಕಿತ್ಸೆಗೆ ಇಬ್ಬರೂ ಸೇರಿ ಆಂಪಾತ್ ಎಂಬ ಯೋಜನೆ ಶುರುಮಾಡುವ ಹೊತ್ತಿಗೆ ಹನ್ನೆರಡು ವರ್ಷದ ಒಡನಾಟವಿತ್ತು. ರುವಾಂಡಾ 2012ರಲ್ಲಿ ಏಳು ವರ್ಷದ ಯೋಜನೆ ಹಾಕಿ ಅಮೆರಿಕದ ಅಧ್ಯಾಪಕರನ್ನು ಕರೆಸಿತು. ಯಾವ ವಿಷಯಕ್ಕೆ ಯಾರು ಬೇಕು ಎಂದು ಹೇಳಿದ್ದು ಅಲ್ಲಿನ ಆರೋಗ್ಯ ಇಲಾಖೆ, ಬಂದವರಲ್ಲ.

ಹೋಗಲೇಬೇಕಾದರೆ ಒಂದೇ ಆಸ್ಪತ್ರೆ ಹಿಡಿದು ಐದು ವರ್ಷ, ಪ್ರತಿ ವರ್ಷ ಹೋಗಿ. ಮೊದಲ ಸಲ ಪಾಠ ಬೇಡ, ಸುಮ್ನೆ ನಿಂತು ನೋಡಿ. ಅವರು ಕೇಳಿದ್ದನ್ನು ಬರೆದುಕೊಂಡು ಬನ್ನಿ. ನಡುವಿನ ತಿಂಗಳುಗಳಲ್ಲಿ ವಾರಕ್ಕೊಂದು ಗಂಟೆ ವಿಡಿಯೊದಲ್ಲಿ ಕೂತು ಅವರ ರೋಗಿಗಳ ಬಗ್ಗೆ ಮಾತಾಡಿ. ದೂರದ ವೈದ್ಯರಿಗೆ ಹೀಗೆ ಕಲಿಸುವ ಎಕೋ ಪದ್ಧತಿ ನಮ್ಮ ನಿಮ್ಹಾನ್ಸ್‌ನಲ್ಲೇ ನಡೆಯುತ್ತಿದೆ. ಅದಕ್ಕೆ ವೀಸಾ ಬೇಡ. ಫೋಟೊ ಮಾತ್ರ ಚೆನ್ನಾಗಿ ಬರೋದಿಲ್ಲ.

ಪ್ರಶ್ನೆ: ಮಗ ಎಂಬಿಬಿಎಸ್ ಎರಡನೇ ವರ್ಷ. ಹಣ ಕಟ್ಟಿದರೆ ವಿದೇಶದಲ್ಲಿ ಹೆರಿಗೆ ಮಾಡಿಸಲು ಬಿಡುತ್ತೇವೆ ಅನ್ನುತ್ತಾನೆ ಏಜೆಂಟ್.

ನಿಮ್ಮ ಮಗಳ ಹೆರಿಗೆಗೆ ಎರಡನೇ ವರ್ಷದ ಹುಡುಗನನ್ನು ಬಿಡುತ್ತೀರಾ? ಅವನು ಏಜೆಂಟಲ್ಲ, ದಗಾಕೋರ.

ಪ್ರಶ್ನೆ: ನಮ್ಮ ನರ್ಸಿಂಗ್ ಹೋಮಿನ ಹಳೇ ಮಾನಿಟರ್‌ಗಳನ್ನು ದಾನ ಕೊಡಬಹುದೇ?

ಬಿಡಿಭಾಗ ಇಲ್ಲೇ ಸಿಗುತ್ತಿಲ್ಲ ಅಂತ ತಾನೇ ಕೊಡುತ್ತಿರೋದು? ಗುಜರಿಗೆ ಹಾಕಿ.

ಪ್ರಶ್ನೆ: ಕಲಿಸಿದರೆ ಆಫ್ರಿಕಾದವರೆಲ್ಲ ಲಂಡನ್ನಿಗೆ ಹೋಗಿಬಿಡುತ್ತಾರೆ, ಏನು ಪ್ರಯೋಜನ?

ನಮ್ಮ ನರ್ಸ್ ಲಂಡನ್ನಿಗೆ ಹೋದರೆ ಹೆಮ್ಮೆ, ಅವರು ಹೋದರೆ ನಷ್ಟವೇ? ಪೂರ್ವ, ಮಧ್ಯ, ದಕ್ಷಿಣ ಆಫ್ರಿಕಾದ ಸರ್ಜನ್‌ಗಳಿಗೆ ಅವರ ನೆಲದಲ್ಲೇ ತರಬೇತಿ ಕೊಡುವ ಕೊಸೆಕ್ಸಾ ಎಂಬ ಸಂಸ್ಥೆ 1999ರಿಂದ ಇದೆ. ಅಲ್ಲಿ ಕಲಿತವರಲ್ಲಿ ಬಹುಪಾಲು ಜನ ಅಲ್ಲೇ ಉಳಿದಿದ್ದಾರೆ.